ಬೆನ್ನು ಮುಂದಾಗಿ ನಡೆದ ಬ್ಯಾಂಡ್ ಮಾಸ್ತರರು

ನಮ್ಮ ಅಕ್ಕನ ಗಂಡ ಹದಿನೇಳು ವರ್ಷ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಸೀಮೆಯ ಓಣಿ ಓಣಿ ತಿರುಗಿದವರು. ಆದರೆ ತಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಒಂದು ದಿನವೂ ಕಣ್ಣಿಂದ ನೋಡಿದವರಲ್ಲ! ಎಲ್ಲಿಂದ ಬಂದೆವು ಎಂಬುದನ್ನು ಮಾತ್ರ ಚೆನ್ನಾಗಿ ನೋಡಿದ್ದಾರೆ. ಕುರುಡರೆ? ಅಲ್ಲ, ಹದ್ದಿನ ಕಣ್ಣು. ಕುಡುಕರೆ? ಶಿವ ಶಿವ! ಲಿಂಗಪೂಜೆ ಆಗದೆ ಹನಿ ನೀರು ಮುಟ್ಟಿದವರಲ್ಲ. ಅವರು ಬ್ಯಾಂಡ್ ಮಾಸ್ತರರು. ಅವರಿಗಿದ್ದ ರೋಗ ಅಷ್ಟೇ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. "ಅವರ ಬಗ್ಗೆ ಏನರ ನಾಕು ಸಾಲು ಬರಿಯೋ, ನೀನರ ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸಾದಾವ," ಎಂದು ಅಕ್ಕ ಗಂಟು ಬಿದ್ದಿದ್ದಾಳೆ. ಹೋದವರ ಬಗ್ಗೆ ಬರೆಯುವುದೆಂದರೆ ಹೊಗಳಬೇಕಲ್ಲ, ಅದು ನನ್ನಿಂದ ಆಗದ ಕೆಲಸ ಎಂದೆ. "ಹೊಗಳಬ್ಯಾಡ," ಅಂದಳು. "ನೀ ಹೊಗಳಿದ್ರ, ಯಾರ ಬಗ್ಗೆ ಬರದಿ ಅಂತ ನನಗ ಗೊತ್ತಾಗೂದಿಲ್ಲ." ಅವರ ಹೆಂಡತಿಯೇ ಅಪ್ಪಣೆ ಕೊಟ್ಟ ಮೇಲೆ ನನಗೇನು ಅಂಜಿಕೆ?

ಅಕ್ಕಿಆಲೂರಿನಲ್ಲಿ ಅವರದು ದೊಡ್ಡ ಮನೆ. ಭತ್ತದ ಗದ್ದೆ, ನಾಲ್ಕು ಎತ್ತು, ಕಟ್ಟೆಯ ಮೇಲೆ ಕುಳಿತರೆ ಎದ್ದು ನಿಂತು ಶರಣು ಹೇಳುವ ಜನ. ಇಂಥ ಮನೆಯ ಎರಡನೆಯ ಮಗ ಒಮ್ಮೆ ಬೀಗರ ಮದುವೆಗೆಂದು ಬೆಳಗಾವಿಗೆ ಹೋದರು. ಬೆಳಗಾವಿಗೆ ಹೋದವರು ಕುಂದಾ ತರುತ್ತಾರೆ. ಇವರು ಒಂದು ಕೋಲು ತಂದರು! ಅಲ್ಲಿ ಕ್ಯಾಂಪಿನ ಬಯಲಿನಲ್ಲಿ ಗೋರಾ ಸಿಪಾಯಿಗಳ ಬ್ಯಾಂಡು ನಡೆದಿತ್ತಂತೆ. ನಲವತ್ತು ಜನ ಸಾಲಾಗಿ ನಿಂತು ಊದುತ್ತಿದ್ದರಂತೆ. ಅವರ ಎದುರಿಗೆ ಕೆಂಪು ಮೋರೆಯ ಸಾಹೇಬನೊಬ್ಬ, ತಾನು ಏನೂ ಊದದೆ, ಏನೂ ಬಾರಿಸದೆ, ಬರೀ ಒಂದು ಕೋಲು ಆಡಿಸುತ್ತ ನಿಂತಿದ್ದನಂತೆ. ಅವನು ಕೋಲು ಕೆಳಗಿಳಿಸಿದ ಕ್ಷಣಕ್ಕೆ ನಲವತ್ತೂ ಜನ ಸುಮ್ಮನಾದರಂತೆ.

"ನುಡಸೂದು ಯಾರರ ನುಡಸ್ತಾರ, ತಮ್ಮಾ," ಎಂದು ಊರಿಗೆ ಬಂದ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು. "ಅವ್ರು ನಿಂತದ್ದು ಕೇಳಬೇಕಿತ್ತು ನೀ. ನಲವತ್ತು ಮಂದಿ, ಒಮ್ಮೆಲೇ! ಆ ಮ್ಯಾಲ ಗಿಡದಾಗಿನ ಎಲಿ ಅಲಗಾಡೂದು ಕೇಳಿಸ್ತು."

ಎಲೆ ಅಲುಗಾಡುವುದನ್ನು ಕೇಳಲು ಬೆಳಗಾವಿಗೆ ಹೋಗಬೇಕೆ? ನಮ್ಮ ಹಿತ್ತಲ ಬೇವಿನ ಗಿಡದ ಕೆಳಗೆ ಕುಳಿತರೆ ಪುಕ್ಕಟೆ ಕೇಳುತ್ತದೆ! ಆದರೆ ಹುಚ್ಚು ಹತ್ತಿದವರಿಗೆ ಹೇಳುವವರು ಯಾರು?

ಆರೆಂಟು ತಿಂಗಳಲ್ಲಿ ಹದಿನಾಲ್ಕು ಜನರ ಬ್ಯಾಂಡು ಕಟ್ಟಿದರು. ಕ್ಲಾರಿನೆಟ್ಟಿಗೆ ಹಾನಗಲ್ಲಿನ ಗುಡಿಯಲ್ಲಿ ಸನಾದಿ ಊದುತ್ತಿದ್ದ ಒಬ್ಬ ಅಜ್ಜ. ಕಾರ್ನೆಟ್ಟಿಗೆ ಸವಣೂರಿನ ಒಬ್ಬ ಮುಸಲ್ಮಾನ ಸಾಹೇಬರು. ದೊಡ್ಡ ಡೋಲು ನನ್ನ ಕೊರಳಿಗೆ. ಉಳಿದವರೆಲ್ಲ ನೊಗ ಇಳಿಸಿ ಬಂದ ರೈತರ ಮಕ್ಕಳು. ಅವರಿಗೆ ಊದುವುದು ಗೊತ್ತಿರಲಿಲ್ಲ. ಉಸಿರು ಮಾತ್ರ ಬೇಕಾದಷ್ಟಿತ್ತು. ಎಲ್ಲರಿಗೂ ಕೆಂಪು ಕೋಟು, ಅದಕ್ಕೆ ಜರಿಯ ಪಟ್ಟಿ. ಹದಿನೈದನೆಯವರು ಮಾಸ್ತರರು. ಅವರ ಕೈಯಲ್ಲಿ ಕೋಲು.

ಊರ ಹಿರಿಯರು ಸುಮ್ಮನಿರುತ್ತಾರೆಯೆ? "ಏನಪಾ, ಇಂಥಾ ಮನ್ಯಾಗ ಹುಟ್ಟಿ ಮಂದಿ ಮದಿವ್ಯಾಗ ಬಾಜಾ ಊದ್ತೀ?" ಎಂದು ಒಬ್ಬರು ಕಟ್ಟೆಯ ಮೇಲಿಂದ ಕೇಳಿದರು.

"ನಾ ಊದೂದಿಲ್ರಿ ಕಾಕಾ. ಊದಸ್ತೇನಿ," ಅಂದರು ಮಾಸ್ತರರು, ಮೀಸೆಯ ಮೇಲೆ ಕೈ ಆಡಿಸಿ.

ಊದಲು ಬಾರದವರು ಊದಿಸದೆ ಇನ್ನೇನು ಮಾಡಿಯಾರು?

ಈಗ ಬಂತು ತೊಡಕು. ಬೆಳಗಾವಿಯ ಬ್ಯಾಂಡು ಬಯಲಲ್ಲಿ ನಿಂತು ನುಡಿಸುವಂಥದು. ನಮ್ಮ ಬ್ಯಾಂಡು ನಡೆಯುತ್ತ ನುಡಿಸುವಂಥದು. ಬೀಗರು ಬಂದು ಊರ ಮುಂದಿನ ಹಣಮಪ್ಪನ ಗುಡಿಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಅವರನ್ನು ಬಾಜಾ ಬಾರಿಸುತ್ತ ಮದುವೆಯ ಹಂದರದವರೆಗೆ ಕರೆದುಕೊಂಡು ಹೋಗಬೇಕು. ನಿಂತವರ ಎದುರಿಗೆ ಯಾರಾದರೂ ನಿಂತಾರು. ನಡೆಯುವವರ ಎದುರಿಗೆ, ಅವರ ಮುಖ ನೋಡುತ್ತ, ಕೋಲು ಆಡಿಸುತ್ತ ಹೋಗುವುದು ಹೇಗೆ? ಬುದ್ಧಿ ಇದ್ದವರು ಕೋಲು ಬಿಸಾಡುತ್ತಿದ್ದರು. ನಮ್ಮ ಮಾಸ್ತರರು ಹಿಂದುಹಿಂದಾಗಿ ನಡೆಯತೊಡಗಿದರು!

"ಮುಂದ ನೋಡಿ ನಡೀರಿ ಮಾಸ್ತರ್ರ, ನಾವು ಹಿಂದ ಬರ್ತೇವಿ," ಎಂದೆ ನಾನು.

"ಎತ್ತು ಹೊಡಿಯಾವ ಎತ್ತಿಗೆ ಬೆನ್ನು ಮಾಡಿ ಕುಂದರ್ತಾನೇನೋ?"

"ಎತ್ತು ಹೊಡಿಯಾವ ಎತ್ತಿನ ಹಿಂದ ಕುಂದರ್ತಾನ್ರಿ. ಎತ್ತಿನ ಮುಂದ ಹಿಂದಾಗಿ ನಡಿಯೂದಿಲ್ಲ."

"ನೀ ಡೋಲು ಬಾರಸು," ಅಂದರು.

ನಡೆಯುವಾಗ ಅವರಿಗೆ ಕನ್ನಡಿಯಾಗಿದ್ದವನು ನಾನು. ನಾನು ಮೊದಲ ಸಾಲಿನ ನಡುವೆ ಇರುತ್ತಿದ್ದೆ. ಅವರ ಬೆನ್ನ ಹಿಂದೆ ಕಲ್ಲು ಬಂದರೆ ನನ್ನ ಹುಬ್ಬು ಮೇಲೇರುತ್ತದಂತೆ. ಸೆಗಣಿ ಬಂದರೆ ಮೂಗು ಸೊಟ್ಟಗಾಗುತ್ತದಂತೆ. ನಾಯಿ ಬಂದರೆ ತುಟಿ ಬಿಗಿಯುತ್ತದಂತೆ. ಇದೆಲ್ಲ ನನಗೇ ಗೊತ್ತಿರಲಿಲ್ಲ. ಒಮ್ಮೆ ಅಕ್ಕ ಊಟಕ್ಕೆ ಬಡಿಸುತ್ತ, "ದೇವ್ರು ನಿಮ್ಮ ಬೆನ್ನಾಗ ಎರಡು ಕಣ್ಣು ಇಡಬೇಕಿತ್ತು ನೋಡ್ರಿ," ಎಂದು ಚುಚ್ಚಿದಾಗ ಅವರೇ ಹೇಳಿದ್ದು: "ಇಟ್ಟಾನಲ್ಲ. ನಿನ್ನ ತಮ್ಮನ ಮುಖ ಐತಿ. ಅಷ್ಟು ಕೆಟ್ಟ ಮುಖದಾಗ ಎಲ್ಲಾ ಚಂದಂಗ ಕಾಣತೈತಿ."

ಎಲ್ಲರ ಕೋಟುಗಳು ಎದೆಯ ಕಡೆ ಸವೆದರೆ ಇವರದು ಬೆನ್ನ ಕಡೆ ಹರಿಯುತ್ತಿತ್ತು. ಗೋಡೆ, ಬೇಲಿ, ಚಕ್ಕಡಿಯ ಗಾಲಿ, ಯಾವುದಕ್ಕೆ ತಾಗಲಿಲ್ಲ? ಅಕ್ಕ ಹಾಕಿದ ತೇಪೆಗಳಲ್ಲಿ ಇನ್ನೊಂದು ಕೋಟು ಹೊಲಿಯಬಹುದಿತ್ತು. "ಎಲ್ಲಾರ ಗಂಡಂದಿರೂ ಮನಿಗೆ ಮುಖಾ ತೋರಿಸಿ ಬರ್ತಾರ. ನನ್ನ ಗಂಡ ಬಂದ್ರ ಮೊದಲ ತ್ಯಾಪಿ ಕಾಣತಾವ," ಎನ್ನುತ್ತಿದ್ದಳು.

ಒಮ್ಮೆ ಮಾಸೂರಿನಲ್ಲಿ ಮದುವೆ. ನಾವು ಊರೊಳಗೆ ಹೋಗುವ ಹೊತ್ತಿಗೂ ಮಡಗದ ಕೆರೆಯಲ್ಲಿ ಮಿಂದ ಎಮ್ಮೆಗಳು ಮನೆಗೆ ಬರುವ ಹೊತ್ತಿಗೂ ಸರಿಹೋಯಿತು. ಓಣಿ ಇಕ್ಕಟ್ಟು. ಮಾಸ್ತರರ ಬೆನ್ನು ಒಂದು ದೊಡ್ಡ ಎಮ್ಮೆಯ ಹಣೆಗೆ ತಾಗಿತು. ಅದು ಅಲ್ಲಾಡಲಿಲ್ಲ. ಯಾರೋ ದಪ್ಪನೆಯ ಬೀಗರು ಅಡ್ಡ ನಿಂತಿದ್ದಾರೆ ಎಂದುಕೊಂಡರು ಇವರು. ತಿರುಗಿ ನೋಡಿದರೆ ತಾಳ ತಪ್ಪುತ್ತದಲ್ಲ! ಕೋಲು ಆಡಿಸುತ್ತಲೇ, "ಸ್ವಲ್ಪ ಸರೀರಿ ಯಜಮಾನ್ರ, ಬೀಗರು ಬರಾಕತ್ತಾರ," ಅಂದರು. ಎಮ್ಮೆ ಸರಿಯಲಿಲ್ಲ. "ಕೈ ಮುಗೀತೇನ್ರಿ, ದಾರಿ ಬಿಡ್ರಿ," ಅಂದರು. ಎಮ್ಮೆ ಅವರ ತೇಪೆಯನ್ನು ನೆಕ್ಕಿತು. ಹದಿನೇಳು ವರ್ಷ ಡೋಲು ಹೊತ್ತು ನನ್ನ ಕೊರಳು ಬಾಗಿತು, ನನಗೆ ಒಂದು ದಿನವೂ ಇವರು ಕೈ ಮುಗಿಯಲಿಲ್ಲ. ಮಾಸೂರಿನ ಎಮ್ಮೆಗೆ ಮುಗಿದರು!

ಇಷ್ಟೆಲ್ಲ ಯಾತಕ್ಕೆ? ಆ ನಿಲ್ಲುವುದಕ್ಕೆ! ಮಾಸ್ತರರಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ ಒಂದು. ಹಂದರದ ಮುಂದೆ ಕೋಲು ಇಳಿದ ಕೂಡಲೇ ಹದಿನಾಲ್ಕು ಜನ ಒಂದೇ ಸಲಕ್ಕೆ ನಿಲ್ಲಬೇಕು. ಹೇಗೆ ನುಡಿಸಿದರೂ ಅವರಿಗೆ ಚಿಂತೆಯಿಲ್ಲ. ಕೊನೆಗೆ ಒಬ್ಬನೂ ಹಿಂದುಳಿಯಬಾರದು. ಕೋಲು ಇಳಿದ ಮೇಲೆ ಹೊರಡುವ ಸದ್ದಿಗೆ ಅವರು ಇಟ್ಟ ಹೆಸರು "ಬಾಲ." ಊದುವುದು ನಿಂತ ಮೇಲೆ ಬೀಗರು ಬೆಲ್ಲ ನೀರು ಕೊಡಲು ಬಂದರೆ ಇವರು ಬೆರಳು ಮಡಚುತ್ತ ನಿಂತಿರುತ್ತಿದ್ದರು. "ಇವತ್ತ ಏಳು ಬಾಲ," ಎಂದು ಗಟ್ಟಿಯಾಗಿ ಸಾರುತ್ತಿದ್ದರು. ಶಿಗ್ಗಾಂವಿಯಲ್ಲಿ ಒಬ್ಬ ಬೀಗರು ಗಾಬರಿಯಾಗಿ ತಮ್ಮ ಧೋತರದ ಹಿಂಭಾಗವನ್ನು ಮುಟ್ಟಿ ನೋಡಿಕೊಂಡದ್ದು ನನಗಿನ್ನೂ ನೆನಪಿದೆ.

ಊದುವುದು ಕಷ್ಟ, ನಿಲ್ಲಿಸುವುದೇನು ಕಷ್ಟ, ಬಾಯಿ ತೆಗೆದರೆ ಆಯಿತಲ್ಲ ಎನ್ನುತ್ತೀರಿ. ನಮ್ಮ ಅಜ್ಜನನ್ನು ನೀವು ನೋಡಿಲ್ಲ. ರಾಗವನ್ನು ಷಡ್ಜಕ್ಕೆ ತಂದು, ಮಲಗಿಸಿ, ಹೊದಿಸಿ, ತಟ್ಟಿ, ಆಮೇಲೆಯೇ ಅವನು ಕ್ಲಾರಿನೆಟ್ಟನ್ನು ಬಾಯಿಂದ ತೆಗೆಯುವವನು. "ನಟ್ಟನಡುವ ರಾಗಾ ಬಿಡೂದು ಪಾಪ್ರಿ ಮಾಸ್ತರ. ಕೂಸು ಹಾಲು ಕುಡಿಯಾಗ ಜಗ್ಗಿದಂಗ ಆಕ್ಕೈತಿ," ಎನ್ನುತ್ತಿದ್ದ. ಕಾರ್ನೆಟ್ಟಿನ ಸಾಹೇಬರದು ಇನ್ನೊಂದು ಬಗೆ. ಕೊನೆಯ ಸ್ವರವನ್ನು ಅವರು ಹಿಡಿದರೆ ಸವಣೂರಿನವರೆಗೆ ಎಳೆಯುತ್ತಿದ್ದರು. ಯಾಕೆಂದರೆ, "ಮಾಸ್ತರ್ ಸಾಬ್, ದಮ್ಮು ಇನ್ನೂ ಉಳದಿತ್ರಿ. ಮನಿಗೆ ಒಯ್ದು ಏನ್ ಮಾಡ್ಲಿ?"

ಮತ್ತೆ ನಾನು. ನನ್ನದೂ ಒಂದು ಬಾಲ ಇತ್ತು. ನಾನು ಮೊದಲು ಜಾತ್ರೆಗಳಲ್ಲಿ ಕರಡಿ ಮಜಲು ಮೇಳದ ಜೊತೆ ಬಾರಿಸಿದವನು. ಎಲ್ಲ ಮುಗಿದ ಮೇಲೆ ಒಂದು ದೊಡ್ಡ ಪೆಟ್ಟು ಹಾಕದಿದ್ದರೆ ನನಗೆ ಉಂಡ ಮೇಲೆ ಕೈ ತೊಳೆಯದಂತೆ ಆಗುತ್ತಿತ್ತು. ಎಲ್ಲರೂ ನಿಂತ ಮೇಲೆ ನನ್ನದು "ಢಂ!"

"ಆ ಕಡೀ ಢಂ ಯಾಕೋ?" ಎಂದು ಮಾಸ್ತರರು ಕಣ್ಣು ಕೆಂಪಗೆ ಮಾಡುತ್ತಿದ್ದರು.

"ಮುಗೀತು ಅಂತ ಮಂದಿಗೆ ತಿಳೀಲಿ ಅಂತ್ರಿ."

"ಸುಮ್ನಾದ್ರ ತಿಳಿಯೂದಿಲ್ಲೇನು ಅವ್ರಿಗೆ?"

"ನಮ್ಮ ಮಂದಿಗೆ ತಿಳಿಯೂದಿಲ್ರಿ. ಬೀಗತ್ಯಾರು ಮಾತಾಡಾಕತ್ತಿರ್ತಾರ."

ಬೇಕೆಂದೇ ಹೊಡೆಯುತ್ತಿದ್ದೆನೆ? ಅರ್ಧ ರೂಢಿ, ಅರ್ಧ ಹಟ. ಹದಿನಾಲ್ಕು ಜನರನ್ನು ನಡೆಸುವುದು ನನ್ನ ಡೋಲು, ಮೆಚ್ಚುಗೆ ಮಾತ್ರ ಆ ಕೋಲಿಗೆ ಎಂಬ ಸಂಕಟ ನನಗಿತ್ತು. ಕೊನೆಯ ಮಾತು ನನ್ನದಾಗಲಿ ಎನ್ನುತ್ತಿತ್ತು ಮನಸ್ಸು.

ಒಂದು ಸಲ ಮಾತ್ರ ಅವರ ಆಸೆ ಈಡೇರಿತು ಎಂದುಕೊಂಡೆವು. ನಮ್ಮ ತಾಲೀಮು ನಡೆಯುತ್ತಿದ್ದುದು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ. ಒಳಗೆ ಇಂಜಿನ್ನು "ಢಕ್ ಢಕ್" ಎನ್ನುತ್ತಿರುತ್ತಿತ್ತು, ಹೊರಗೆ ನಾವು. ಒಂದು ಮಧ್ಯಾಹ್ನ ನುಡಿಸುತ್ತ ನುಡಿಸುತ್ತ, ಕೋಲು ಕೆಳಗಿಳಿಯಿತು ನೋಡಿ, ಹದಿನಾಲ್ಕೂ ಜನ ಫಕ್ಕನೆ ನಿಂತೆವು! ಅಜ್ಜ ನಿಂತ. ಸಾಹೇಬರು ನಿಂತರು. ನಾನೂ ನಿಂತೆ. ಮಾಸ್ತರರು ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟರು. ಆಮೇಲೆ ತಪಕೀರಿನ ಡಬ್ಬಿ ತೆಗೆದು ಒಬ್ಬೊಬ್ಬರಿಗೂ ತಾವೇ ಒಂದೊಂದು ಚಿಟಿಕೆ ನಶ್ಯ ಕೊಟ್ಟರು. ಮನೆಗೆ ಹೇಳಿ ಕಳಿಸಿದರು, ಹೋಳಿಗೆ ಮಾಡಲಿ ಎಂದು. ಅಷ್ಟರಲ್ಲಿ ಗಿರಣಿಯವ ಮೈಗೆಲ್ಲ ತೌಡು ಬಡಿದುಕೊಂಡು ಹೊರಗೆ ಬಂದ. "ಪಟ್ಟಾ ಹರೀತ್ರಿ ಮಾಸ್ತರ. ಇಂಜಿನ್ನು ಬಂದಾತು. ಇವತ್ತ ಸಾಕು ಮಾಡ್ರಿ," ಅಂದ.

ಇಷ್ಟು ದಿನ ನಾವು ತಾಳ ಹಿಡಿದದ್ದು ಕೋಲಿಗಲ್ಲ, ಇಂಜಿನ್ನಿಗೆ! ಅದು ನಿಂತಾಗ ನಾವೂ ನಿಂತಿದ್ದೆವು. ಕೋಲು ಅದೇ ಕ್ಷಣಕ್ಕೆ ಇಳಿದದ್ದು ಅವರ ದುರ್ದೈವ. ಮಾಸ್ತರರು ಅಂದು ಹೋಳಿಗೆ ಮುಟ್ಟಲಿಲ್ಲ. ನಾವು ಬಿಡಲಿಲ್ಲ. ಮರುದಿನದಿಂದ ತಾಲೀಮು ಊರ ಹೊರಗಿನ ಕಣಕ್ಕೆ ಹೋಯಿತು. ಅಲ್ಲಿ ಮತ್ತೆ ಏಳು ಬಾಲ.

ಹಂಸಭಾವಿಯಲ್ಲಿ ಒಂದೇ ಮುಹೂರ್ತಕ್ಕೆ ಎರಡು ಮದುವೆ ಇದ್ದವು. ಆ ಓಣಿಯಲ್ಲೊಂದು ಹಂದರ, ಈ ಓಣಿಯಲ್ಲೊಂದು ಹಂದರ. ಮಾಸ್ತರರು ಹಿಂದಾಗಿ ನಡೆಯುತ್ತ ನಡೆಯುತ್ತ ಎಡಕ್ಕೆ ಹೊರಳುವ ಬದಲು ಬಲಕ್ಕೆ ಹೊರಳಿದರು. ಊದುವವರ ಬಾಯಿ ತುಂಬಿತ್ತು, ಹೇಳುವಂತಿರಲಿಲ್ಲ. ನನ್ನ ಬಾಯಿ ಖಾಲಿಯಿತ್ತು. ನಾನೇಕೆ ಹೇಳಲಿಲ್ಲ? ನೋಡಬೇಕಾಗಿತ್ತು ನನಗೆ! ಹಿಂದಿನಿಂದ ನಮ್ಮ ಬೀಗರು "ಏ, ಎತ್ತಾಗ ಹೊಂಟ್ರಿ, ಏ!" ಎಂದು ಕೂಗುವುದು ನನ್ನ ಡೋಲಿನಲ್ಲಿ ಮುಳುಗಿಹೋಯಿತು. ನಾವು ಬೇರೆಯವರ ಹಂದರ ಹೊಕ್ಕೆವು, ನಮ್ಮ ಹಿಂದೆ ನಮ್ಮ ಮದುಮಗನೂ ಹೊಕ್ಕ. ಅಲ್ಲಿ ಆಗಲೇ ಒಬ್ಬ ಮದುಮಗ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಮನೆಯ ಅಜ್ಜಿಯೊಬ್ಬಳು, "ಯವ್ವಾ, ಇದೇನ ಎರಡು ತಂದಾರ?" ಎಂದಳು. ಮಾಸ್ತರರಿಗೆ ಇದು ಯಾವುದೂ ಕೇಳಲಿಲ್ಲ. ಅವರು ಬೆರಳು ಮಡಚಿ, "ಐದು ಬಾಲ," ಎಂದರು.

ಸವಣೂರಿನದನ್ನು ಬರೆಯಬಾರದು ಎಂದುಕೊಂಡಿದ್ದೆ. ಅಕ್ಕ ಇದನ್ನು ಯಾರಿಂದಲಾದರೂ ಓದಿಸಿ ಕೇಳುವವಳು. ಕೇಳಲಿ. ಅಲ್ಲಿ ವೀಳ್ಯದೆಲೆ ವ್ಯಾಪಾರಿ ಒಬ್ಬರ ಮನೆಯ ಮದುವೆ. ಹಿಂದಿನ ದಿನ ಮಾಸ್ತರರು ನನ್ನನ್ನು ಎಲ್ಲರ ಎದುರಿಗೆ ಬೈದಿದ್ದರು, ಅದೇ ಢಂ ಸಲುವಾಗಿ. ಪೇಟೆಯ ತಿರುವಿನಲ್ಲಿ ಒಂದು ಗಟಾರ, ಎದೆಯುದ್ದ ಆಳ. ಅವರ ಹಿಮ್ಮಡಿ ಅದರ ಅಂಚಿನ ಕಡೆಗೇ ಹೊರಟಿತ್ತು. ನಾನು ನೋಡಿದೆ. ನೋಡಿ, ಮುಖವನ್ನು ಕಲ್ಲು ಮಾಡಿಕೊಂಡೆ. ಹುಬ್ಬು ಏರಲಿಲ್ಲ, ಮೂಗು ಸೊಟ್ಟಗಾಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ, ನಿಶ್ಚಿಂತೆಯಿಂದ, ಗಟಾರದೊಳಗೆ ಹೋದರು.

ಇಷ್ಟಾದರೂ ಬ್ಯಾಂಡು ನಿಂತಿತೆ? ಇಲ್ಲ! ಗಟಾರದ ಅಂಚಿನ ಮೇಲೆ ಕೋಲೊಂದೇ ಕಾಣುತ್ತಿತ್ತು. ಅದು ಮೇಲೆ ಕೆಳಗೆ, ಮೇ‌ಲೆ ಕೆಳಗೆ ಆಡುತ್ತಲೇ ಇತ್ತು, ತಾಳ ತಪ್ಪದೆ. ನಾವೂ ನುಡಿಸುತ್ತ ನಿಂತಲ್ಲೇ ಹೆಜ್ಜೆ ಹಾಕಿದೆವು. ಎಲೆ ಮಾರುವವರು ಕೈ ಹಿಡಿದು ಎತ್ತಿದರು. ಮೇಲೆ ಬಂದ ಮಾಸ್ತರರ ಮೊದಲ ಮಾತು: "ಕಾರ್ನೆಟ್ ಯಾಕ ತಾಳ ಬಿಟ್ಟು ಓಡಾಕತ್ತಿತ್ತು?"

ಮನೆಯಲ್ಲಿ ಅಕ್ಕ ಅವರ ಮೊಣಕಾಲಿಗೆ ಅರಿಸಿನ ಎಣ್ಣೆ ಹಚ್ಚುತ್ತ ನನ್ನ ಕಡೆ ತಿರುಗಿದಳು. "ಏನೋ, ಅಷ್ಟು ದೊಡ್ಡ ಗಟಾರ ನಿನಗ ಕಾಣಲಿಲ್ಲೇನು?"

"ಡೋಲು ಅಡ್ಡ ಇತ್ತು," ಅಂದೆ.

"ಅವಗ ಯಾಕ ಅಂತೀ?" ಎಂದರು ಮಾಸ್ತರರು. "ಅವನ ಮುಖದಾಗ ಇತ್ತು. ನಾನ ತಿಳಕೊಳ್ಳಲಿಲ್ಲ."

ಇರಲಿಲ್ಲ ಅಕ್ಕಾ. ನನ್ನ ಮುಖದಲ್ಲಿ ಏನೂ ಇರಲಿಲ್ಲ. ಈಗ ಹೇಳಿದ್ದೇನೆ.

ಕಾಲ ಹೋಯಿತು. ಯುದ್ಧ ಬಂತು, ಸೀಮೆಎಣ್ಣೆಗೆ ಸಾಲು ಹಚ್ಚುವುದಾಯಿತು. ಕೆಂಪು ಕೋಟು ನೋಡಿ ನಮ್ಮನ್ನು ಸರಕಾರದವರೆಂದು ತಿಳಿದು ಒಂದು ಊರಿನಲ್ಲಿ ಜನ ಬಾಗಿಲು ಹಾಕಿಕೊಂಡರು. ಆಮೇಲೆ ಸ್ವರಾಜ್ಯವೂ ಬಂತು. ಇಂಗ್ಲಿಷರು ಹೋದರು, ಅವರ ಕೋಲು ನಮ್ಮ ಮಾಸ್ತರರ ಕೈಯಲ್ಲೇ ಉಳಿಯಿತು! ಮಾಸ್ತರರ ಮೀಸೆ ಬೆಳ್ಳಗಾಯಿತು. ಹಿಂದಾಗಿ ನಡೆಯುವಾಗ ಏದುಸಿರು ಬರುತ್ತಿತ್ತು. ಬಾಲ ಮಾತ್ರ ಕಡಿಮೆಯಾಗಲಿಲ್ಲ. ನಾಲ್ಕಕ್ಕೆ ಇಳಿಯುವುದು, ಮತ್ತೆ ಎಂಟಕ್ಕೆ ಏರುವುದು.

ಹಿರೇಕೆರೂರಿನಿಂದ ಚಕ್ಕಡಿಯಲ್ಲಿ ಬರುವಾಗ ಒಂದು ದಿನ ನನಗೆ ತಡೆಯಲಾಗಲಿಲ್ಲ. ಅಂದು ಅವರು ಮೂರು ಸಲ ಎಡವಿದ್ದರು. ಹಂದರದಲ್ಲಿ ಬೀಗರ ಹುಡುಗಿಯರು ಅವರ ನಡಿಗೆಯನ್ನು ಅಣಕಿಸಿ ನಕ್ಕಿದ್ದರು. ನನಗೆ ನಾಚಿಕೆಯಾಗಿತ್ತು.

"ಮಾಸ್ತರ್ರ, ಒಂದು ಮಾತು ಹೇಳ್ತೇನಿ, ಸಿಟ್ಟು ಮಾಡಬ್ಯಾಡ್ರಿ. ನಿಮ್ಮ ಕೋಲು ಯಾರೂ ನೋಡೂದಿಲ್ಲ."

"ಯಾರೂ?"

"ಒಬ್ಬರೂ ನೋಡೂದಿಲ್ರಿ. ಅಜ್ಜ ಕಣ್ಣು ಮುಚ್ಚಿ ಊದ್ತಾನ. ಸಾಹೇಬ್ರು ಮಾಳಗಿ ಮ್ಯಾಲ ನಿಂತವರನ್ನ ನೋಡ್ತಾರ. ನಾ ಅಂತೂ ಹಂದರದಾಗ ಊಟದ ಎಲಿ ಹಾಕ್ಯಾರೋ ಇಲ್ಲೋ ನೋಡ್ತೇನಿ. ಎಲ್ಲಾರೂ ನಡಿಯೂದು ನನ್ನ ಡೋಲಿನ ಮ್ಯಾಲ. ಹದಿನೇಳು ವರ್ಷ ಸುಮ್ನ ಹಿಂದಾಗಿ ನಡದ್ರಿ."

ಅಜ್ಜ ನಿದ್ದೆ ಬಂದವನಂತೆ ಬಿದ್ದುಕೊಂಡ. ಸಾಹೇಬರು ಕಾರ್ನೆಟ್ಟನ್ನು ಒರೆಸತೊಡಗಿದರು, ಒರೆಸಿದ್ದನ್ನೇ ಒರೆಸಿದರು. ಇಬ್ಬರೂ ನನ್ನ ಮಾತು ಸುಳ್ಳೆಂದು ಹೇಳಲಿಲ್ಲ.

"ಆಗಲಿ," ಎಂದರು ಮಾಸ್ತರರು ಕೊನೆಗೆ. "ನಾನರ ನಿಮ್ಮನ್ನ ನೋಡೇನಲ್ಲ."

ಇಂಥವರಿಗೆ ಏನು ಹೇಳುತ್ತೀರಿ? ನಾನು ಮೈ ತಿರುಗಿಸಿ ಕುಳಿತೆ. ಈಗಲಾದರೂ ಕೋಲು ಬಿಟ್ಟಾರು ಎಂದುಕೊಂಡೆ.

ಬಿಡಲಿಲ್ಲ. ಹತ್ತು ದಿನದ ಮೇಲೆ ಹಾನಗಲ್ಲಿನಲ್ಲಿ ಮದುವೆ. ಬೆಳಗಿನ ಹತ್ತರ ಬಿಸಿಲು. ಹಣಮಪ್ಪನ ಗುಡಿಯಿಂದ ಹೊರಟೆವು, ಹಿಂದೆ ಬೀಗರ ಚಕ್ಕಡಿಗಳು. ಮಾಸ್ತರರು ಎಂದಿನಂತೆ ನಮ್ಮ ಕಡೆ ಮುಖ ಮಾಡಿ, ಹಿಂದಾಗಿ ಹೆಜ್ಜೆ ಇಡುತ್ತ, ಕೋಲು ಆಡಿಸುತ್ತ. ಹಂದರ ಇನ್ನೂ ಅರ್ಧ ಓಣಿ ದೂರ ಇತ್ತು. ಹಾಡು ನಟ್ಟನಡುವೆ ಇತ್ತು, ಅಜ್ಜ ಆಗ ತಾನೆ ರಾಗವನ್ನು ಮೇಲಕ್ಕೆ ಏರಿಸುತ್ತಿದ್ದ, ಯಾರೂ ನಿಲ್ಲುವ ಜಾಗ ಅಲ್ಲ ಅದು.

ಮಾಸ್ತರರ ಕೈ ಮೇಲೆ ಹೋದದ್ದು ಅಲ್ಲೇ ಉಳಿಯಿತು. ಬಾಯಿ ಒಂದು ಕಡೆಗೆ ಸರಿಯಿತು. ಬೆರಳು ಸಡಿಲಾಗಿ ಕೋಲು ಕೆಳಗೆ ಬಿತ್ತು.

ಬ್ಯಾಂಡು ನಿಂತಿತು.

ಹದಿನಾಲ್ಕು ಜನ, ಒಂದೇ ಕ್ಷಣಕ್ಕೆ. ಅಜ್ಜ ಏರುವ ಸ್ವರವನ್ನು ಅರ್ಧಕ್ಕೆ ಬಿಟ್ಟು ಕಣ್ಣು ತೆರೆದುಕೊಂಡು ನಿಂತಿದ್ದ. ಕಣ್ಣು ಮೊದಲೇ ತೆರೆದಿದ್ದವೋ ಏನೋ. ಸಾಹೇಬರ ಎದೆ ಉಬ್ಬಿಯೇ ಇತ್ತು, ಉಸಿರು ಒಳಗೇ ಇತ್ತು. ಹಿಂದಿನ ಸಾಲಿನ ಕಟ್ಟಕಡೆಯ ತಾಳದವನು, ಮುಂದಿನ ಸಾಲಿನ ಉದ್ದನೆಯವರ ಹಿಂದೆ ಏನೂ ಕಾಣುವುದಿಲ್ಲವೆಂದು ಯಾವಾಗಲೂ ಗೊಣಗುತ್ತಿದ್ದವನು, ತಾಳಗಳನ್ನು ಅಗಲಿಸಿ ಹಿಡಿದುಕೊಂಡೇ ನಿಂತಿದ್ದ. ನನ್ನ ಬಡಿಗೆ ಗಾಳಿಯಲ್ಲಿ ಇತ್ತು. ಅದನ್ನು ನಾನು ಇಳಿಸಲಿಲ್ಲ. ಹಿಂದೆ ಚಕ್ಕಡಿಯಲ್ಲಿ ಬೀಗತಿಯೊಬ್ಬಳು ಸೊಸೆಯ ಬಗ್ಗೆ ಆಡುತ್ತಿದ್ದ ಅರ್ಧ ಮಾತು ಓಣಿಗೆಲ್ಲ ಕೇಳಿಸಿತು. ಅವಳೂ ಸುಮ್ಮನಾದಳು.

ಮಾಸ್ತರರು ನಮ್ಮ ಕಡೆ ಮುಖ ಮಾಡಿಕೊಂಡೇ ನೆಲದ ಮೇಲೆ ಕುಳಿತರು. ಡೋಲು ಕಿತ್ತೆಸೆದು ನಾನು ಓಡಿದೆ. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರ ಎಡಗೈಯ ಬೆರಳುಗಳು ಮಡಚಲು ನೋಡುತ್ತಿದ್ದವು. ಏನೋ ಕೇಳಿದರು, ಮಾತು ತೊದಲಿತು. ಮತ್ತೆ ಕೇಳಿದರು.

"ಬಾಲ..."

"ಇಲ್ರಿ," ಅಂದೆ. "ಒಂದೂ ಇಲ್ರಿ ಮಾಸ್ತರ್ರ."

ಅಷ್ಟರಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಏನಾಯಿತೆಂದು ತಿಳಿಯದೆ ಚಕ್ಕಡಿ ಇಳಿದು ಸಿಟ್ಟಿನಿಂದ ಬಂದರು. "ಏ, ಹಂದರ ಇನ್ನೂ ಅಲ್ಲೈತಿ! ನಡು ಓಣ್ಯಾಗ ಬ್ಯಾಂಡ್ ನಿಂದರಿಸ್ರಿ ಅಂತ ನಿಮಗ ಯಾರು ಹೇಳಿದ್ರು?"

"ನಮ್ಮ ಮಾಸ್ತರು ನಿಂದರಿಸಿದ್ರು," ಅಂದೆ.

ಮಾಸ್ತರರಿಗೆ ಕೇಳಿತೋ ಇಲ್ಲವೋ ಎಂದು ಅವರ ಕಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.